ಬಿಗಿ ಮಾಡಲಾಗಿದೆ

ಫೆಬ್ರವರಿ 4

ಭಾಮೈದನಿಗೆ,

ನೀನು ಫೋನ್ ಎತ್ತುವುದಿಲ್ಲ. ಇಪ್ಪತ್ಮೂರು ಸಲ ಮಾಡಿದ್ದೇನೆ, ಎಣಿಸಿಟ್ಟಿದ್ದೇನೆ. ಕಾಗದವನ್ನಾದರೂ ಒಡೆದು ಓದುತ್ತೀಯ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಲಕೋಟೆಯ ಮೇಲಿನ ವಿಳಾಸವನ್ನು ನಿನ್ನ ಅಕ್ಕನ ಕೈಯಲ್ಲಿ ಬರೆಸಿದ್ದು ಅದಕ್ಕೇ. ನನ್ನ ಅಕ್ಷರ ಕಂಡಿದ್ದರೆ ಅಂಚೆಯವನ ಎದುರಿಗೇ ಹರಿದು ಹಾಕುತ್ತಿದ್ದೆ ನೀನು.

ಮನೆಯ ಸಮಾಚಾರ. ನಿನ್ನ ಅಕ್ಕ ನನ್ನ ಜೊತೆ ಮಾತು ಬಿಟ್ಟು ಮೂರು ತಿಂಗಳಾಯಿತು. ಪೂರ್ತಿ ಬಿಟ್ಟಿಲ್ಲ. ಬಡಿಸುವಾಗ "ಸಾಕಾ?" ಅನ್ನುತ್ತಾಳೆ, ನಾನು "ಸಾಕು" ಅನ್ನುತ್ತೇನೆ. ಅಲ್ಲಿಗೆ ಆ ದಿನದ ಸಂಸಾರ ಮುಗಿಯಿತು.

ನಿನ್ನ ಕೆಲಸ ಹೋದದ್ದಕ್ಕೆ ನಾನೇ ಕಾರಣ ಎಂಬುದು ಅವಳ ತೀರ್ಮಾನ. ನನ್ನ ಕಡೆಯದನ್ನೂ ಒಮ್ಮೆ ಕೇಳು. ಈ ವಿಮಾನ ನಿಲ್ದಾಣಕ್ಕೆ ನಾನು ಹುಲ್ಲು ಕತ್ತರಿಸುವವನಾಗಿ ಬಂದವನು. ರನ್‌ವೇ ಬದಿಯ ಹುಲ್ಲಿನಿಂದ ಮೇಜು ಕುರ್ಚಿಯವರೆಗೆ ಬರಲು ಹತ್ತೊಂಬತ್ತು ವರ್ಷ ಹಿಡಿಯಿತು. ಸುರಕ್ಷತೆಯ ಹೊಣೆ ನನಗೆ ಕೊಟ್ಟು, ಆರು ದಿನ ತರಬೇತಿಗೆ ಕಳಿಸಿ, ದಪ್ಪ ಪುಸ್ತಕವೊಂದನ್ನು ಕೈಗಿಟ್ಟಾಗ ನಾನು ಅದನ್ನು ಅಕ್ಷರ ಬಿಡದೆ ನಂಬಿದೆ. ಆ ಪುಸ್ತಕದ ಸಾರ ಇಷ್ಟೇ: ದೊಡ್ಡ ಅಪಘಾತ ಆಗುವ ಮೊದಲು ನೂರು ಸಣ್ಣ ಎಡವಟ್ಟುಗಳು ಆಗಿರುತ್ತವೆ, ಅವನ್ನು ಮಾಡಿದವರೇ ಬಾಯಿ ಬಿಟ್ಟು ಹೇಳುವಂತಾದರೆ ದೊಡ್ಡದನ್ನು ತಪ್ಪಿಸಬಹುದು. ಸಿಬ್ಬಂದಿ ಕೋಣೆಯ ಹೊರಗೆ ಕೆಂಪು ಡಬ್ಬ ನೇತುಹಾಕಿ ನಲವತ್ತೊಂದು ಜನರನ್ನೂ ಕೂರಿಸಿ ಹೇಳಿದೆನಲ್ಲ, "ತಪ್ಪು ಮಾಡಿದ್ರೂ ಬರೀರಿ, ಕಂಡ್ರೂ ಬರೀರಿ. ಬರೆದೋರಿಗೆ ಏನೂ ಆಗಲ್ಲ. ನನ್ನ ಮಾತು." ಎಲ್ಲರೂ ದೊಡ್ಡಪ್ಪ ಅನ್ನುವ ಲಗೇಜು ಗಾಡಿಯವನು ಎದ್ದು ನಿಂತು, "ಬರೆಯೋಕೆ ಸೋಮಾರಿಗಳಾದೋರು ಡಬ್ಬಕ್ಕೆ ಬಾಯಿಟ್ಟು ಕೂಗ್ಬಹುದಾ ಫಾರಂ ಸಾಹೇಬ್ರೇ?" ಅಂದ. ಎಲ್ಲರೂ ನಕ್ಕರು. ನಗದೆ ಕೂತಿದ್ದವನು ನೀನೊಬ್ಬನೇ. ಬರೆದವನೂ ನೀನೊಬ್ಬನೇ.

ಹಿಂದೆ ನಿಂತು ಕೈ ತೋರಿಸುವವನಿಲ್ಲದೆ ನೀನು ಇಂಧನದ ಟ್ಯಾಂಕರನ್ನು ಹಿಮ್ಮುಖವಾಗಿ ಓಡಿಸಿದೆ. ವಿಮಾನದ ರೆಕ್ಕೆಗೆ ಒಂಬತ್ತು ಇಂಚು ಇರುವಾಗ ನಿಲ್ಲಿಸಿದೆ. ಒಬ್ಬರೂ ನೋಡಿರಲಿಲ್ಲ. ನೀನೇ ಅಳೆದು, ಬರೆದು, ಹಾಕಿದೆ. ಮ್ಯಾನೇಜರ್ ಓದಿದರು, ಸಂಜೆಯೊಳಗೆ ನಿನ್ನನ್ನು ತೆಗೆದರು. ನಾನು ಆ ಕೋಣೆಯಲ್ಲೇ ಇದ್ದೆ. "ಸರ್, ನಾವು ಮಾತು ಕೊಟ್ಟಿದೀವಿ" ಅಂದೆ. "ನಾವಲ್ಲ. ನೀವು" ಅಂದರು. ಅದೂ ನಿಜವೇ. ಆಮೇಲೆ ನಾನೇನು ಮಾಡಬೇಕಿತ್ತು ಹೇಳು?

ಅಂದಿನಿಂದ ಡಬ್ಬದಲ್ಲಿ ಸಿಕ್ಕಿದ್ದು: ಒಂದು ಬಸ್ ಟಿಕೆಟು, ಒಂದು ಗುಂಡಿ, ಅಗಿದು ಅಂಟಿಸಿದ ಗಮ್ಮು. ಜುಲೈನಲ್ಲಿ ತಪಾಸಣೆಯವರು ಬರುತ್ತಾರೆ.

ಒಂದು ಸಾಲು ಬರೆ. ಬೈದಾದರೂ ಬರೆ.

ನಿನ್ನ ಭಾವ

*

ಫೆಬ್ರವರಿ 19

ಭಾವ,

ಕಾಗದ ಬಂತು. ಇಲ್ಲಿ ಬಸ್ ಡಿಪೋದಲ್ಲಿ ಡೀಸೆಲ್ ತುಂಬುವ ಕೆಲಸ ಸಿಕ್ಕಿದೆ. ಬಸ್ಸಿಗೆ ರೆಕ್ಕೆ ಇಲ್ಲ, ಅದೊಂದು ನೆಮ್ಮದಿ. ಇಲ್ಲಿಯೂ ದಿನಕ್ಕೆ ಹತ್ತು ಎಡವಟ್ಟು ಕಾಣುತ್ತೇನೆ. ಬರೆಯುವುದಿಲ್ಲ. ಆ ಅಭ್ಯಾಸ ಬಿಟ್ಟೆ.

ಆ ಕೋಣೆಯಲ್ಲಿ ಇದ್ದೆ ಎಂದು ಬರೆದಿದ್ದೀರಿ. ಗೊತ್ತು. ಒಳಗೆ ಕರೆಯುವ ಮೊದಲು ಹೊರಗೆ ಕಾಯುವಾಗ ಬಾಗಿಲಿನ ಗಾಜಿನಲ್ಲಿ ನೀವು ಕಾಣುತ್ತಿದ್ದಿರಿ. ನಾನು ಹೊರಗೆ ಬಂದಾಗ ನೀವು ನನ್ನನ್ನು ನೋಡಲಿಲ್ಲ, ಕೈಯಲ್ಲಿದ್ದ ಫೈಲನ್ನು ನೋಡಿದಿರಿ.

ಅಕ್ಕನ ಮಂಡಿ ನೋವು ಹೇಗಿದೆ, ಅಷ್ಟು ತಿಳಿಸಿ.

ನಿಮ್ಮ ಭಾಮೈದ

*

ಏಪ್ರಿಲ್ 11

ಭಾಮೈದನಿಗೆ,

ಮಂಡಿ ಪರವಾಗಿಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ನನ್ನನ್ನು ಬೈಯುತ್ತದೆ. ಅವಳು ಬಾಯಲ್ಲಿ ಬೈಯದ್ದನ್ನೆಲ್ಲ ಮಂಡಿಯೇ ಬೈಯುತ್ತದೆ.

ಸಂತೋಷದ ಸುದ್ದಿ ಬೇರೆಯೇ ಇದೆ. ಡಬ್ಬ ತುಂಬತೊಡಗಿದೆ! ಆರು ವಾರದಲ್ಲಿ ಹದಿನಾಲ್ಕು ವರದಿ. ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲ ಹರಿದಿದೆ ಎಂದು ಒಬ್ಬರು, ರನ್‌ವೇ ಅಂಚಿನ ದೀಪವೊಂದು ಉರಿಯುತ್ತಿಲ್ಲ ಎಂದು ಇನ್ನೊಬ್ಬರು, ಬೇಲಿಯ ಕೆಳಗೆ ನಾಯಿ ನುಗ್ಗುವಷ್ಟು ಕಿಂಡಿಯಿದೆ ಎಂದು ಮತ್ತೊಬ್ಬರು. ವಿಮಾನ ತಿರುಗುವ ಮೂಲೆಯಲ್ಲಿ ಚರಂಡಿಗೆ ಹೊದಿಸಿದ ಕಬ್ಬಿಣದ ಜಾಲರಿಯ ಬೋಲ್ಟು ಸಡಿಲ ಎಂದು ಏಳನೆಯದು. ಯಾರು ಬರೆದರು ಎಂದು ಕೇಳಬೇಡ. ಹೆಸರು ಹೇಳದಿರುವುದೇ ನಿಯಮ.

ಹದಿನಾಲ್ಕಕ್ಕೆ ಹದಿನಾಲ್ಕನ್ನೂ ಸರಿಪಡಿಸಿ ಮುಗಿಸಿದ್ದೇನೆ. ರಿಜಿಸ್ಟರಿನಲ್ಲಿ ಯಾರು ಮಾಡಿದ್ದು, ಯಾವತ್ತು, ಎಲ್ಲ ಇದೆ. ಸಿಬ್ಬಂದಿ ಕೋಣೆಯ ಗೋಡೆಯ ಮೇಲೂ ಪಟ್ಟಿ ಹಾಕಿದ್ದೇನೆ: ಎಡಗಡೆ ದೂರು, ಬಲಗಡೆ ಕ್ರಮ. "ಹೊಲಿಯಲಾಗಿದೆ." "ಬದಲಿಸಲಾಗಿದೆ." "ಬಿಗಿ ಮಾಡಲಾಗಿದೆ." ಮ್ಯಾನೇಜರ್ ಅದರ ಮುಂದೆ ನಿಂತು ಎರಡು ನಿಮಿಷ ನೋಡಿ, "ಹೀಗಿರ್ಬೇಕು ನೋಡಿ ವ್ಯವಸ್ಥೆ ಅಂದ್ರೆ" ಅಂದರು. ಹತ್ತೊಂಬತ್ತು ವರ್ಷದಲ್ಲಿ ಆ ಬಾಯಿಂದ ಬಂದ ಮೊದಲ ಮೆಚ್ಚುಗೆ.

ಇದರಲ್ಲಿ ನಿನ್ನದೂ ಹಿತವಿದೆ. ಖಾಲಿ ಡಬ್ಬ ಹಿಡಿದುಕೊಂಡು ತಪಾಸಣೆಯವರ ಮುಂದೆ ನಿಂತರೆ ನನ್ನ ಮಾತಿಗೆ ಏನು ಬೆಲೆ? ತುಂಬಿದ ಡಬ್ಬ ತೋರಿಸಿ, ಸಮಯ ನೋಡಿ, ನಿನ್ನ ವಿಷಯ ಎತ್ತುತ್ತೇನೆ. ತಾಳ್ಮೆ ಇರಲಿ.

ಭಾವ

*

ಏಪ್ರಿಲ್ 20

ತಮ್ಮಾ,

ಇವರ ಕಾಗದ ಅಂಚೆಗೆ ಹಾಕಿದವಳು ನಾನೇ. ಅಂಟು ಸರಿಯಾಗಿ ಹತ್ತಿರಲಿಲ್ಲ, ಓದಿದೆ. ಓದಬಾರದಿತ್ತು ಅನ್ನಬೇಡ.

ನನಗೆ ವಿಮಾನದ ವಿಷಯ ತಿಳಿಯುವುದಿಲ್ಲ, ಇವರ ವಿಷಯ ತಿಳಿಯುತ್ತದೆ. ಎರಡು ತಿಂಗಳಿಂದ ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಐದು ಬಣ್ಣದ ಪೆನ್ನು ಸಾಲಾಗಿ ಇಟ್ಟುಕೊಂಡು ಕೂರುತ್ತಾರೆ. ಎಡಗೈಯಲ್ಲಿ ಬರೆಯುತ್ತಾರೆ. ನಾಲಿಗೆ ಒಂದು ಬದಿಗೆ ಹೊರಗೆ ಬಂದಿರುತ್ತದೆ, ಮೊದಲ ತರಗತಿಯ ಮಗುವಿನ ಹಾಗೆ. ನಾನು ಮಾತು ಬಿಟ್ಟವಳು, ಆದರೂ ತಡೆಯಲಾರದೆ "ಬಲಗೈಗೇನಾಯ್ತು?" ಅಂದೆ. "ವ್ಯಾಯಾಮ" ಅಂದರು.

ನಗು ಬಂತು. ಆಮೇಲೆ ನಗು ಹೋಯಿತು. ಹೇಳು, ಇದರಿಂದ ಯಾರಿಗಾದರೂ ಕೆಟ್ಟದ್ದಾಗುತ್ತದೆಯೇ? ಕಾಗದ ತಾನೇ ಅಂದುಕೊಂಡು ಸುಮ್ಮನಿರಲೇ?

ಹೊಟ್ಟೆಗೆ ಸರಿಯಾಗಿ ತಿನ್ನು.

ಅಕ್ಕ

*

ಮೇ 2

ಭಾವ,

ಅಲ್ಲಿ ಮೂರು ವರ್ಷ ಕೆಲಸ ಮಾಡಿದವನು ನಾನು. ನನಗಾದದ್ದನ್ನು ನೋಡಿದ ಮೇಲೂ ಬರೆಯುವ ಗುಂಡಿಗೆಯವರು ಹದಿನಾಲ್ಕು ಜನ ಅಲ್ಲಿ ಯಾರಪ್ಪಾ ಎಂದು ಎಣಿಸಲು ಕೂತೆ. ಒಂದಕ್ಕೆ ನಿಂತೆ. ಅವನೂ ಈಗ ಬಸ್ ಡಿಪೋದಲ್ಲಿದ್ದಾನೆ.

ಆ ಹದಿನಾಲ್ಕನ್ನು ತೋರಿಸಿ ನನ್ನ ವಿಷಯ ಎತ್ತಬೇಡಿ. ಬೇಡಿಕೊಳ್ಳುತ್ತೇನೆ.

ಎಡಗೈ ಜೋಪಾನ.

ನಿಮ್ಮ ಭಾಮೈದ

*

ಜೂನ್ 17

ಭಾಮೈದನಿಗೆ,

ನಿನ್ನ ಕೊನೆಯ ಸಾಲನ್ನು ಆರು ವಾರ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಉತ್ತರ ಬರೆಯಲಿಲ್ಲ. ಈಗ ಬರೆಯದೆ ಗತಿಯಿಲ್ಲ.

ಮೊನ್ನೆ ಸೋಮವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ದೊಡ್ಡಪ್ಪ ಮೂರು ಟ್ರಾಲಿ ಲಗೇಜು ಜೋಡಿಸಿಕೊಂಡು ಎಳೆಗಾಡಿಯಲ್ಲಿ ಹೊರಟಿದ್ದ. ವಿಮಾನ ತಿರುಗುವ ಮೂಲೆಯಲ್ಲಿ ಚರಂಡಿ ದಾಟುವಾಗ ಕಬ್ಬಿಣದ ಜಾಲರಿ ಒಂದು ಬದಿಯಿಂದ ಎದ್ದು ನಿಂತಿತು. ಗಾಡಿಯ ಮುಂದಿನ ಚಕ್ರ ಒಳಕ್ಕೆ. ದೊಡ್ಡಪ್ಪ ಕೆಳಕ್ಕೆ. ಹಿಂದಿನ ಟ್ರಾಲಿ ಜೋರಾಗಿ ತಿರುಗಿ ಅವನ ಕಾಲ ಮೇಲೆ. ಮಂಡಿಯ ಕೆಳಗೆ ಎರಡು ಕಡೆ ಮುರಿದಿದೆ. ಹತ್ತು ನಿಮಿಷ ಮೊದಲು ಮೂವತ್ತೊಂದು ಜನರಿದ್ದ ವಿಮಾನದ ಮುಂದಿನ ಚಕ್ರ ಆ ಜಾಲರಿಯಿಂದ ಒಂದು ಮಾರು ದೂರದಲ್ಲಿ ಹಾದುಹೋಗಿತ್ತು.

ಆಸ್ಪತ್ರೆಗೆ ಹೋದೆ. ಕಾಲನ್ನು ಮೇಲಕ್ಕೆ ಕಟ್ಟಿದ್ದರು. ನನ್ನನ್ನು ನೋಡಿ, "ಬನ್ನಿ ಫಾರಂ ಸಾಹೇಬ್ರೇ, ಇದಕ್ಕೂ ಒಂದು ಫಾರಂ ಇದೆಯಾ?" ಅಂದ. ಆಮೇಲೆ ಅಂದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ಹೋದ ವಾರಾನೇ ಅಲುಗಾಡ್ತಿತ್ತು ಸರ್. ಹೇಳೋಣ ಅಂತಾನೇ ಬಂದೆ. ಗೋಡೆ ಮೇಲೆ ನೋಡಿದ್ರೆ ಆಗ್ಲೇ ಬಿಗಿ ಮಾಡಲಾಗಿದೆ ಅಂತಿತ್ತು. ಸಾಹೇಬ್ರು ಮಾಡ್ಸಿದಾರೆ, ಅಲುಗಾಡ್ತಿರೋದು ನನ್ನ ತಲೇನೇ ಇರ್ಬೇಕು ಅಂದ್ಕೊಂಡು ವಾಪಸ್ ಹೋದೆ."

ಏಳನೆಯ ವರದಿಯನ್ನು ಬರೆದವನು ನಾನು. ಹಸಿರು ಶಾಯಿ, ಎಡಗೈ. ಮಿಕ್ಕ ಹದಿಮೂರೂ ನಾನೇ. ಆ ಬೋಲ್ಟನ್ನು ನೋಡಲು ಹೋಗಿರಲಿಲ್ಲ. ಬೋಲ್ಟು ಇದ್ದ ಮೇಲೆ ಸಡಿಲವಾಗಬಹುದಲ್ಲ ಎಂದು ಬರೆದೆ. ಸಡಿಲ ಎಂದು ಬರೆದ ಮೇಲೆ ಬಿಗಿ ಮಾಡಬೇಕಲ್ಲ, ಅದನ್ನೂ ಬರೆದೆ. ಬಿಗಿ ಮಾಡಿದವರು ಒಬ್ಬರು ಬೇಕಲ್ಲ. ರಿಜಿಸ್ಟರಿನಲ್ಲಿ ನಮ್ಮ ರಿಪೇರಿ ಕೆಲಸದ ಫಿಟ್ಟರನ ಹೆಸರು ಬರೆದೆ, ಏಪ್ರಿಲ್ ಮೂರು ಎಂದು ತಾರೀಕು ಹಾಕಿದೆ.

ನಿನ್ನೆ ಮ್ಯಾನೇಜರ್ ಫಿಟ್ಟರನ್ನು ಕರೆಸಿ ರಿಜಿಸ್ಟರನ್ನು ಅವನ ಮುಂದೆ ತಳ್ಳಿದರು. ಅವನು ಓದಿದ. "ನಾನು ಮಾಡಿಲ್ಲ" ಅನ್ನುತ್ತಾನೆ, ಆಗ ನಾನೂ ಬಾಯಿ ಬಿಡಬಹುದು ಎಂದು ಕಾದೆ. ಅವನು ಅಂದದ್ದು ಇದು: "ಮಾಡಿರ್ಬೇಕು ಸರ್. ದಿನಕ್ಕೆ ನಲವತ್ತು ಬೋಲ್ಟು ತಿರುಗಿಸ್ತೀನಿ, ಇದೊಂದು ನೆನಪಿಗೆ ಬರ್ತಿಲ್ಲ. ಸರಿಯಾಗಿ ಕೂತಿಲ್ಲ ಅನ್ಸುತ್ತೆ. ತಪ್ಪಾಯ್ತು." ನಾನು ಅದೇ ಕೋಣೆಯಲ್ಲಿ, ಅದೇ ಬಾಗಿಲ ಪಕ್ಕದಲ್ಲಿ ಇದ್ದೆ. ಕೈಯಲ್ಲಿ ಫೈಲು ಕೂಡ ಇತ್ತು.

ತಪಾಸಣೆ ಜುಲೈ ಆರಕ್ಕೆ. ಅಷ್ಟರೊಳಗೆ ಫಿಟ್ಟರನ್ನು ತೆಗೆದು, ಕ್ರಮ ಕೈಗೊಂಡಿದ್ದೇವೆ ಎಂದು ತೋರಿಸಬೇಕೆಂದಿದ್ದಾರೆ ಮ್ಯಾನೇಜರ್. ಇವತ್ತು ಫಿಟ್ಟರ್ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಸರ್, ರಿಜಿಸ್ಟರಲ್ಲಿ ಬರೆದೋರು ನೀವೇ ಅಲ್ವಾ? ನೋಡಿರ್ತೀರಿ. ಅವತ್ತು ನಾನು ಯಾವ ಸ್ಪ್ಯಾನರ್ ತಗೊಂಡಿದ್ದೆ?"

ನಾನು ಏನು ಮಾಡಲಿ?

ಭಾವ

*

ಜೂನ್ 25

ಭಾವ,

ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ನನ್ನ ಬಾಯಿಂದ ಹೇಳಿಸಿ, ಆಮೇಲೆ ಭಾಮೈದ ಹೇಳಿದ ಅನ್ನಬಹುದು. ಆ ಅನುಕೂಲ ನಿಮಗೆ ಬೇಡ.

ನನ್ನದೊಂದು ಹೇಳುತ್ತೇನೆ. ಅವತ್ತು ಫಾರಂ ಇಟ್ಟುಕೊಂಡು ಟ್ಯಾಂಕರಿನ ಸೀಟಿನಲ್ಲಿ ಅರ್ಧ ಗಂಟೆ ಕೂತಿದ್ದೆ. ಮೊದಲು "ಸುಮಾರು ಎರಡು ಅಡಿ" ಎಂದು ಬರೆದೆ. ಎರಡು ಅಡಿ ಎಂದರೆ ಯಾರೂ ಬೆಚ್ಚುವುದಿಲ್ಲ. ಆಮೇಲೆ, ಭಾವ ಎಲ್ಲರ ಮುಂದೆ ಮಾತು ಕೊಟ್ಟಿದ್ದಾರೆ, ಅವರ ಡಬ್ಬಕ್ಕೆ ಮೊದಲು ಬೀಳುವ ಕಾಗದವೇ ಸುಳ್ಳಾಗಬಾರದು ಎಂದು ಅದನ್ನು ಹೊಡೆದು ಹಾಕಿ ಒಂಬತ್ತು ಇಂಚು ಎಂದು ಬರೆದೆ.

ಕೆಲಸ ಹೋಯಿತು, ಇನ್ನೊಂದು ಸಿಕ್ಕಿತು. ನನ್ನ ಸಿಟ್ಟು ಅದಕ್ಕಲ್ಲ. ಎರಡು ಅಡಿ ಎಂದೇ ಬಿಟ್ಟಿದ್ದರೆ ಚೆನ್ನಾಗಿತ್ತಲ್ಲ ಎಂದು ಈಗಲೂ ವಾರಕ್ಕೊಮ್ಮೆ ಅನಿಸುತ್ತದೆ. ಹಾಗೆ ಅನಿಸುವವನನ್ನಾಗಿ ನನ್ನನ್ನು ಮಾಡಿದ್ದೀರಿ. ಅದಕ್ಕೆ.

ಫಿಟ್ಟರ್ ತನ್ನ ಕೈಯನ್ನೇ ನಂಬದ ಹಾಗಾಗಿದ್ದಾನೆ. ಎಷ್ಟು ದಿನ ಹಾಗೆ ಬಿಡುತ್ತೀರಿ ಎಂಬುದು ನಿಮಗೆ ಬಿಟ್ಟದ್ದು.

ನಿಮ್ಮ ಭಾಮೈದ

*

ಜುಲೈ 5

ತಮ್ಮಾ,

ಇವತ್ತು ಬಲಗೈ. ಒಂದೇ ಪೆನ್ನು. ಬೆಳಿಗ್ಗೆ ಏಳಕ್ಕೆ ಕೂತವರು ಹತ್ತೂವರೆಗೆ ಎದ್ದರು. ಮೂರು ಹಾಳೆ ಹರಿದರು. ಕೊನೆಗೆ ಉಳಿದದ್ದು ಅರ್ಧ ಪುಟ. ನನ್ನ ಕೈಗೆ ಕೊಟ್ಟು, "ಓದು, ಅಂಟು ಹಚ್ಚಿಲ್ಲ" ಅಂದರು. ಕಳ್ಳ. ಎಲ್ಲ ಗೊತ್ತಿತ್ತು.

ಓದಿದೆ. ಊಟ ಮಾಡದೆ ಡ್ಯೂಟಿಗೆ ಹೋದರು. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೇನೆ.

ಅಕ್ಕ

*

ಜುಲೈ 14

ಭಾಮೈದನಿಗೆ,

ನನ್ನ ಅರ್ಧ ಪುಟವನ್ನು ಡಬ್ಬಕ್ಕೆ ಹಾಕಿದೆ. ಬೀಗದ ಕೈ ಇರುವುದು ನನ್ನ ಹತ್ತಿರ, ಹಾಕಿದವನೇ ತೆಗೆದೆ. ಹದಿನೈದನೆಯ ವರದಿ ಎಂದು ಸಂಖ್ಯೆ ಕೊಟ್ಟು ಗೋಡೆಯ ಪಟ್ಟಿಯ ಕೆಳಗೆ ಸಿಕ್ಕಿಸಿದೆ. ಒಂದರಿಂದ ಹದಿನಾಲ್ಕು ನಾನೇ ಬರೆದವು, ಯಾವುದನ್ನೂ ಯಾರೂ ಸರಿಪಡಿಸಿಲ್ಲ, ಫಿಟ್ಟರ್ ಆ ಬೋಲ್ಟನ್ನು ಮುಟ್ಟಿಲ್ಲ. ಕೆಳಗೆ ಸಹಿ.

ಮ್ಯಾನೇಜರ್ ಓಡಿ ಬಂದರು. "ತೆಗೀರಿ ಅದನ್ನ! ನಾಳೆ ಅವ್ರು ಬರ್ತಾರೆ. ದಾಖಲೆ ಬರೆಯುವಾಗ ಆದ ತಪ್ಪು ಅಂತ ಒಂದು ಸಾಲು ಬರ್ಕೊಡಿ, ಮುಗ್ಸೋಣ."

"ಸರ್, ಮುಗ್ಸೋದ್ರಲ್ಲಿ ನಾನು ಚೆನ್ನಾಗಿ ಪಳಗಿದೀನಿ. ಇದೊಂದು ತೆರೆದೇ ಇರ್ಲಿ."

ಸಿಕ್ಕಿಸಿದ ಪಿನ್ನನ್ನು ಇನ್ನೊಮ್ಮೆ ಒತ್ತಿದೆ.

ಫಿಟ್ಟರ್ ಗೋಡೆಯ ಮುಂದೆ ನಿಂತು ಓದಿದ. ಎರಡನೆಯ ಸಲ ಬೆರಳಿಟ್ಟು ಓದಿದ. "ಹಾಗಾದ್ರೆ ನಾನು ಅದನ್ನ ಮುಟ್ಟೇ ಇಲ್ವಾ?" ಅಂದ. "ಇಲ್ಲ." "ಮೂರು ವಾರದಿಂದ ಮಾಡಿದ್ ಕೆಲ್ಸಾನೆಲ್ಲ ಮತ್ತೆ ಹೋಗಿ ನೋಡ್ಕೊಂಡು ಬರ್ತಿದೀನಿ ಸರ್, ಈ ಕೈಗೆ ಏನೋ ಆಗಿದೆ ಅಂತ." ಒಂದೇಟು ಹೊಡೆದಿದ್ದರೆ ಹಗುರಾಗುತ್ತಿತ್ತು. ಹೊಡೆಯಲಿಲ್ಲ. ಅಂದಿನಿಂದ ನಮಸ್ಕಾರ ಬಿಟ್ಟಿದ್ದಾನೆ.

ತಪಾಸಣೆಗೆ ಇಬ್ಬರು ಬಂದರು. ಹಿರಿಯರು ಹೆಂಗಸು, ಮಾತು ಕಡಿಮೆ. ಹದಿನೈದನೆಯದನ್ನು ಓದಿ, "ಏಳನೇದು ಬಿಟ್ಟು ಉಳಿದ ಹದಿಮೂರರ ಗತಿ ಏನು?" ಅಂದರು. "ಮೇಡಂ, ಅವು ಕಲ್ಪನೆ." "ಬನ್ನಿ, ನಿಮ್ಮ ಕಲ್ಪನೆ ನೋಡ್ಕೊಂಡು ಬರೋಣ." ಬಿಸಿಲಿನಲ್ಲಿ ಹೊರಟೆವು. ಗಾಳಿಯ ಬಟ್ಟೆಚೀಲದ ಹೊಲಿಗೆ ಒಂದು ಮೊಳ ಬಿಟ್ಟಿತ್ತು. ದೀಪ ಸತ್ತಿತ್ತು, ನಾನು ಬರೆದದ್ದರ ಪಕ್ಕದ್ದು. ಬೇಲಿಯ ಕಿಂಡಿಯಲ್ಲಿ ಮೇಡಂ ತಮ್ಮ ಬೂಟನ್ನು ಇಳಿಸಿ ತೋರಿಸಿದರು. ಹದಿಮೂರರಲ್ಲಿ ಒಂಬತ್ತು ನಿಜ. ಹತ್ತೊಂಬತ್ತು ವರ್ಷ ಈ ನೆಲ ತುಳಿದವನಿಗೆ, ಕಣ್ಣು ಮುಚ್ಚಿ ಬರೆದರೂ ಎಲ್ಲಿ ಸವೆದಿದೆ ಎಂಬುದೇ ಕೈಗೆ ಬಂದಿದೆ.

ವಾಪಸು ಬರುವಾಗ ಅವರು ಅಂದದ್ದು ಇಷ್ಟು: "ಗೊತ್ತಿಲ್ದೆ ಬಿಟ್ಟಿದ್ರೆ ಕಲಿಸ್ಬಹುದಿತ್ತು. ನಿಮಗೆ ಗೊತ್ತಿತ್ತು."

ಕೊನೆಯ ದಿನ ನಿನ್ನ ವಿಷಯ ಎತ್ತಿದೆ. ನಿನ್ನ ಫಾರಂ ಇಟ್ಟೆ, ಕೆಲಸದಿಂದ ತೆಗೆದ ಆದೇಶವನ್ನು ಅದರ ಮೇಲಿಟ್ಟೆ. ಅವರು ಮ್ಯಾನೇಜರ್ ಕಡೆ ತಿರುಗಿ, "ಡಬ್ಬ ಯಾಕೆ ಖಾಲಿಯಾಯ್ತು ಅಂತ ಕೇಳ್ತಿದ್ರಲ್ಲ, ತಗೊಳ್ಳಿ" ಅಂದರು.

ನಿನ್ನ ಅಕ್ಕ ಮಾತಾಡಿದಳು. ಎಲ್ಲ ಬೈಗುಳವೇ, ಆದರೆ ಪೂರ್ತಿ ಪೂರ್ತಿ ವಾಕ್ಯಗಳು.

ಭಾವ

*

ಆಗಸ್ಟ್ 22

ಭಾಮೈದನಿಗೆ,

ಇದರ ಜೊತೆಗಿರುವುದು ನಿನ್ನ ಆದೇಶ. ನಿನ್ನನ್ನು ತೆಗೆದದ್ದು ತಪ್ಪು, ಒಂದು ತಿಂಗಳೊಳಗೆ ಬಂದರೆ ಟ್ಯಾಂಕರ್ ನಿನ್ನದೇ ಎಂದಿದೆ. ಮ್ಯಾನೇಜರ್ ಸಹಿ ಕಾಗದವನ್ನು ಕೊರೆದುಕೊಂಡು ಹೋಗಿದೆ, ಬೆನ್ನಿಗೆ ಕೈಯಾಡಿಸಿದರೆ ಗೊತ್ತಾಗುತ್ತದೆ.

ಫಿಟ್ಟರ್ ಉಳಿದ. ನಾನು ಕುರ್ಚಿ ಕಳೆದುಕೊಂಡೆ. ಎಡವಿದವನಿಗೆ ಶಿಕ್ಷೆ ಇಲ್ಲ, ಸುಳ್ಳು ಬರೆದವನಿಗೆ ಇದೆ. ಅದು ನಾನೇ ಓದಿಸಿದ ಪುಸ್ತಕದಲ್ಲಿದೆ, ನಲವತ್ತನೆಯ ಪುಟ. ಡಬ್ಬದ ಬೀಗದ ಕೈ ಈಗ ಕಂಟ್ರೋಲ್ ಟವರಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರ ಹತ್ತಿರ. ದೊಡ್ಡಪ್ಪನ ಕಾಲು ಕೂಡುವವರೆಗೆ ಅವನ ಎಳೆಗಾಡಿ ನನ್ನದು. ಅವನು ಆಸ್ಪತ್ರೆಯಿಂದಲೇ ಹೇಳಿ ಕಳಿಸಿದ್ದಾನೆ, "ಗಾಡಿಗೇನಾದ್ರೂ ಆಯ್ತೋ, ಇನ್ನೊಂದು ಕಾಲಲ್ಲಿ ಬಂದು ಒದೀತೀನಿ."

ಬಾ ಎಂದು ಬರೆಯಲು ಕೂತೆ, ಬರೆಯಲಾಗಲಿಲ್ಲ. ಬಂದರೆ ನಿನಗೆ ಏನೂ ಆಗುವುದಿಲ್ಲ ಎಂದು ಇನ್ನೊಮ್ಮೆ ಮಾತು ಕೊಡುವ ಯೋಗ್ಯತೆ ನನಗಿಲ್ಲ. ಮೊನ್ನೆ ಬುಧವಾರ ನನಗಾದದ್ದನ್ನು ಮಾತ್ರ ಹೇಳಬಲ್ಲೆ.

ವಿಮಾನ ತಡವಾಗಿತ್ತು. ಚರಂಡಿಯ ಮೂಲೆಯಲ್ಲಿ ಗಾಡಿಯನ್ನು ಸ್ವಲ್ಪ ಜೋರಾಗಿಯೇ ತಿರುಗಿಸಿದೆ. ಮರುದಿನ ಡಬ್ಬದಲ್ಲಿ ಒಂದು ಕಾಗದ. "ಹೊಸದಾಗಿ ಬಂದಿರುವ ಲಗೇಜಿನವರು ಮೂಲೆಯಲ್ಲಿ ವೇಗ ಇಳಿಸುವುದಿಲ್ಲ, ಕೊನೆಯ ಟ್ರಾಲಿ ಒಂದು ಬದಿಗೆ ಏಳುತ್ತದೆ." ಕೆಳಗೆ ಫಿಟ್ಟರನ ಪೂರ್ತಿ ಹೆಸರು, ಸಹಿ, ತಾರೀಕು, ನೋಡಿದ ಗಂಟೆ. ಒಂಬತ್ತು ತಿಂಗಳಲ್ಲಿ ಆ ಡಬ್ಬಕ್ಕೆ ನನ್ನ ಕೈ ಬಿಟ್ಟು ಬೇರೆ ಕೈಯಿಂದ ಬಿದ್ದ ಮೊದಲ ವರದಿ, ನನ್ನ ಮೇಲೆಯೇ.

ಮ್ಯಾನೇಜರ್ ಕರೆಸಿದರು. ಮತ್ತೆ ಅದೇ ಕೋಣೆ. "ನಿಜಾನಾ?" ಅಂದರು. "ನಿಜ ಸರ್." ಅವರು ತೆರೆದಿದ್ದ ಪೆನ್ನಿಗೆ ಮುಚ್ಚಳ ಹಾಕಿ ಎದ್ದರು. ಫಿಟ್ಟರನ್ನೂ ಕರೆದುಕೊಂಡು ಮೂವರೂ ಮೂಲೆಗೆ ಹೋದೆವು. ಖಾಲಿ ಟ್ರಾಲಿ ಕಟ್ಟಿಕೊಂಡು ನಾಲ್ಕು ಸಲ ತಿರುಗಿಸಿ ನೋಡಿದೆವು. ಎಲ್ಲಿ ನಿಧಾನಿಸಬೇಕೋ ಅಲ್ಲಿ ಹಳದಿ ಗೆರೆ ಎಳೆಸಿದರು. ಆಮೇಲೆ, "ಹೋಗಿ, ಲಗೇಜ್ ಕಾಯ್ತಿದೆ" ಅಂದರು. ಫಿಟ್ಟರ್ ನನ್ನ ಕಡೆ ನೋಡಲಿಲ್ಲ, ಆದರೆ ಓಡಿಹೋಗಲೂ ಇಲ್ಲ. ಬಣ್ಣ ಒಣಗುವವರೆಗೆ ಇಬ್ಬರೂ ಗೆರೆಯ ಆಚೆ ಒಬ್ಬ ಈಚೆ ಒಬ್ಬ ನಿಂತಿದ್ದೆವು.

ಬರೆದವನಿಗೆ ಏನೂ ಆಗಲಿಲ್ಲ. ಮಾಡಿದವನಿಗೂ ಏನೂ ಆಗಲಿಲ್ಲ. ಇದು ಒಂದು ಸಲ. ಒಂದು ಸಲ ಅಂದರೆ ಒಂದೇ ಸಲ, ಅದರ ಮೇಲೆ ನಾನು ಏನನ್ನೂ ಕೂಡಿಸಿ ಹೇಳುವುದಿಲ್ಲ. ಎರಡನೆಯ ಸಲವೂ ಹೀಗೇ ಆದ ದಿನ ತಿಳಿಸುತ್ತೇನೆ. ಬರೆದವನಿಗೆ ಏನಾದರೂ ಆದರೆ, ಅದನ್ನೂ ಅವತ್ತೇ ತಿಳಿಸುತ್ತೇನೆ.

ನಿನ್ನ ಭಾವ